ತಟ್ಟದೆ ಕೊಟ್ಟ ಮಾತು

ಟಕ್‌ಟಕ್ ಅಜ್ಜನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಅದನ್ನು ಯಾರಾದರೂ ಕೂಗಿದರೆ ಅಜ್ಜನೇ ಒಂದು ಗಳಿಗೆ ಅತ್ತಿತ್ತ ನೋಡಿ, ಆಮೇಲೆ 'ಓ, ನಾನೇ' ಎಂದು ಎದ್ದು ಹೋಗುತ್ತಿದ್ದರು. ಟಕ್‌ಟಕ್ ಎಂದು ಮೊದಲು ಕರೆದವರು ಶಾಲೆಯ ಮಕ್ಕಳು. ಆ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳು ಅದೇ ಶಾಲೆ ಸೇರಿದರೂ ಹೆಸರು ಹಾಗೇ ನಿಂತುಬಿಟ್ಟಿತು. ಅಜ್ಜ ಬಡಗಿ. ಮರ ಅನ್ನುವುದು ಎಲ್ಲಿ ಕಂಡರೂ ಬಲಗೈಯ ನಡುಬೆರಳನ್ನು ಮಡಿಸಿ, ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಕೇಳುವುದು ಅವರ ಚಾಳಿ. ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಬಿಡುತ್ತಿರಲಿಲ್ಲ, ಕಂಡವರ ಮನೆಯ ಬಾಗಿಲನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಡಾಕ್ಟರು ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುತ್ತಿದ್ದಾಗ, "ಏನನ್ನುತ್ತೆ ಡಾಕ್ಟ್ರೇ, ಇನ್ನೊಂದಷ್ಟು ದಿನ ನಿಲ್ಲೋ ಮರಾನಾ?" ಎಂದು ಕೇಳಿ ಅವರನ್ನು ನಗಿಸಿದ್ದರು.

ಬೆಂಚು, ಕಿಟಕಿ, ಬಾಗಿಲು, ಕಪ್ಪುಹಲಗೆಯ ಚೌಕಟ್ಟು, ಹೀಗೆ ಶಾಲೆಯ ಮರಗೆಲಸವೆಲ್ಲ ಅವರದೇ. ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳು ಪಾಠಕ್ಕೆ ಕೂರುವ ಉದ್ದನೆಯ ಹಳೆಯ ಹಾಲಿನ ಚಾವಣಿ. ಹೆಂಚು ಹೊದಿಸಿದ ಮಾಡಿನ ಕೆಳಗೆ ಗೋಡೆಯಿಂದ ಗೋಡೆಗೆ ಹಾಸಿದ ತೇಗದ ತೊಲೆಗಳು. ಪ್ರತಿವರ್ಷ ದೊಡ್ಡ ರಜೆಯಲ್ಲಿ ಅಜ್ಜ ಏಣಿ ಹಾಕಿ ಹತ್ತಿ, ಒಂದೊಂದು ತೊಲೆಯನ್ನೂ ಈ ತುದಿಯಿಂದ ಆ ತುದಿಯವರೆಗೆ ತಟ್ಟಿಕೊಂಡು ಹೋಗುತ್ತಿದ್ದರು. ಕಿವಿ ಮರದಿಂದ ಒಂದು ಗೇಣಿಗಿಂತ ದೂರ ಇರಬಾರದು. ಮರವನ್ನು ಅದು ಕೂತ ಜಾಗದಲ್ಲೇ ತಟ್ಟಬೇಕು, ಕೆಳಗಿಳಿಸಿದ ಮೇಲೆ ತಟ್ಟಿದರೆ ಅದು ಬೇರೆಯೇ ಮಾತಾಡುತ್ತದೆ. ಇವು ಅಜ್ಜ ತಾವೇ ಮಾಡಿಕೊಂಡ ಕಟ್ಟಳೆಗಳು. ಕೆಲಸ ಮುಗಿಸಿ ಇಳಿದು, ತಲೆಗೆ ಅಂಟಿದ ಜೇಡರಬಲೆ ಒರೆಸಿಕೊಳ್ಳುತ್ತ ಮುಖ್ಯೋಪಾಧ್ಯಾಯಿನಿಯ ಕೋಣೆಯ ಬಾಗಿಲಲ್ಲಿ ನಿಂತು, "ಇನ್ನೊಂದು ವರ್ಷ ಆರಾಮಾಗಿ ನಿದ್ದೆ ಮಾಡಿ ಮೇಡಂ" ಎನ್ನುತ್ತಿದ್ದರು. ಅಷ್ಟಾದರೆ ಆಯಿತು. ಅದನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ, ಇನ್ನೊಬ್ಬರನ್ನು ಕರೆಸಿ ನೋಡುತ್ತಲೂ ಇರಲಿಲ್ಲ. ಆ ಮಾತಿನ ಕೆಳಗೆ ಇಡೀ ಶಾಲೆ ಕೂತು ಪಾಠ ಕೇಳುತ್ತಿತ್ತು.

ದೊಡ್ಡ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದ ಆ ಮುಖ್ಯೋಪಾಧ್ಯಾಯಿನಿ ಯಾರ ಮಾತನ್ನೂ ಸುಲಭವಾಗಿ ಒಪ್ಪುವವರಲ್ಲ. ಬಣ್ಣದವನು ಎರಡು ಕೈ ಬಳಿದೆ ಅಂದರೆ ಉಗುರಿನಿಂದ ಕೆರೆದು ನೋಡುವವರು. ಅಂಥವರೂ ಅಜ್ಜನ ಮಾತಿಗೆ ಎದುರು ಕೇಳುತ್ತಿರಲಿಲ್ಲ. ಅಜ್ಜನ ಬದುಕಿನಲ್ಲಿ ಹೆಮ್ಮೆ ಅಂತ ಇದ್ದದ್ದು ಇದೊಂದೇ. ಅದನ್ನು ಅವರು ಹೇಳಿಕೊಂಡು ತಿರುಗುತ್ತಿರಲಿಲ್ಲ ಅಂದರೆ ಸುಳ್ಳಾದೀತು. ಹೇಳಿಕೊಂಡೇ ತಿರುಗುತ್ತಿದ್ದರು. ಮನೆಯಲ್ಲಂತೂ ಊಟಕ್ಕೆ ಕೂತಾಗಲೆಲ್ಲ, "ನನ್ನ ಮಾತನ್ನ ಆ ಶಾಲೇಲಿ ಯಾರೂ ತೆಗೆದುಹಾಕಲ್ಲ" ಅನ್ನುವುದು ಉಪ್ಪು ಬಡಿಸಿದಷ್ಟೇ ಖಾಯಂ ಆಗಿತ್ತು.

ಮನೆಯಲ್ಲಿ ಇದ್ದವರು ಮಗಳು, ಅಳಿಯ, ಒಬ್ಬಳು ಮೊಮ್ಮಗಳು. ಹೆಂಡತಿ ತೀರಿಕೊಂಡ ಮೇಲೆ ಮಗಳ ಸಂಸಾರವೇ ಅಜ್ಜನ ಮನೆಗೆ ಬಂದು ಸೇರಿತ್ತು. ಒಬ್ಬಳೇ ಮಗಳು. ಅವಳು ಚಿಕ್ಕವಳಿದ್ದಾಗ ಬಚ್ಚಲುಮನೆಯ ಬಾಗಿಲಿನ ಸಂದಿಗೆ ಎಡಗೈಯ ಕಿರುಬೆರಳು ಸಿಕ್ಕಿಸಿಕೊಂಡು ಕೇರಿಯೆಲ್ಲ ಕೇಳುವಂತೆ ಕಿರುಚಿದ್ದಳು. ಉಗುರು ಕಪ್ಪಾಗಿ ಉದುರಿಯೇ ಹೋಯಿತು. ಆವತ್ತು ಅಜ್ಜ ಕೂಲಿಗೆ ಹೋಗದೆ ಆ ಬಾಗಿಲನ್ನು ಕಳಚಿ, ಕೀಲುಗಳನ್ನು ಚೌಕಟ್ಟಿನ ಆ ಕಡೆಯ ನಿಲುವಿಗೆ ಬದಲಾಯಿಸಿ, ಬಾಗಿಲು ಇನ್ನೊಂದು ಮಗ್ಗುಲಿಗೆ ತೆರೆದುಕೊಳ್ಳುವಂತೆ ಮಾಡಿದ್ದರು. ಕೀಲು ಕೂತಿದ್ದ ಹಳೆಯ ಗುಳಿಗಳಿಗೆ ಕೈಗೆ ಸಿಕ್ಕ ಹಲಸಿನ ತುಂಡು ಕೊರೆದು ಕೂರಿಸಿದರು. ಕಂದು ತೇಗದ ಮೇಲೆ ಹಳದಿ ತೇಪೆ. "ಊರಿಗೆಲ್ಲ ನೀಟಾಗಿ ಮಾಡಿಕೊಡ್ತೀರಿ, ನಮ್ಮನೆಗೆ ಮಾತ್ರ ಭಿಕ್ಷುಕನ ಅಂಗಿ" ಎಂದು ಹೆಂಡತಿ ಗೊಣಗಿದ್ದರು. ಆಮೇಲೆ ಬಣ್ಣದ ಮೇಲೆ ಬಣ್ಣ ಬಿದ್ದು ತೇಪೆ ಮುಚ್ಚಿಹೋಯಿತು, ಎಲ್ಲರಿಗೂ ಮರೆತೂ ಹೋಯಿತು.

ಅಳಿಯ ಮೊದಲು ಕೆಲಸ ಕಲಿಯಲು ಬಂದವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಉಳಿ ಹಿಡಿಯುವುದಕ್ಕಿಂತ ಗಿರಾಕಿಯನ್ನು ಹಿಡಿಯುವುದು ಅವನಿಗೆ ಬೇಗ ಬಂತು. ಅಜ್ಜ ಅದನ್ನು ದೋಷವೆಂದು ಎಣಿಸಲಿಲ್ಲ. ಮಗಳು ಅವನನ್ನು ಇಷ್ಟಪಟ್ಟಾಗ ಸಂತೋಷವಾಗಿಯೇ ಒಪ್ಪಿದರು. ಕೆಲವೇ ವರ್ಷಗಳಲ್ಲಿ ಅವನು ಕಂಟ್ರಾಕ್ಟರ್ ಆದ. ಮನೆಗೆ ಬೈಕು ಹೋಗಿ ಕಾರು ಬಂತು, ಬಚ್ಚಲುಮನೆಗೂ ಹೊಸ ಫೈಬರ್ ಬಾಗಿಲು ಬಂತು. ಹಳೆಯ ಚೌಕಟ್ಟಿನ ಬುಡವನ್ನು ಗೆದ್ದಲು ತಿಂದುಹಾಕಿತ್ತು, ತೆಗೆಸುವುದು ನ್ಯಾಯವೇ. "ಆ ಮರ ಏನು ಮಾಡಿದ್ರಿ?" ಎಂದು ಅಜ್ಜ ಕೇಳಿದ್ದಕ್ಕೆ ಮಗಳು, "ಸುಡೋಕೆ ಯಾರೋ ತಗೊಂಡು ಹೋದ್ರಪ್ಪ" ಎಂದಿದ್ದಳು.

ಶಾಲೆಯನ್ನು ರಿಪೇರಿ ಮಾಡಿಸಿ ಹೊಸ ಕಾಲಕ್ಕೆ ತಕ್ಕ ಹಾಗೆ ಮಾಡಬೇಕೆಂಬ ಮಾತು ಎದ್ದದ್ದು ಆ ದಿನಗಳಲ್ಲೇ. ಎಲ್ಲೆಂದರಲ್ಲಿ ಜೋತುಬಿದ್ದ ವೈರುಗಳು, ಮೂಗು ಮುಚ್ಚಿಕೊಂಡು ಹೋಗಬೇಕಾದ ಶೌಚಾಲಯ, ಕಂಪ್ಯೂಟರುಗಳು ಬಂದರೂ ಇಡಲು ಜಾಗವಿಲ್ಲದ ಕೋಣೆಗಳು. ಬದಲಾವಣೆ ಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಹಾಲಿನ ಚಾವಣಿಯ ಬಗ್ಗೆ. ಅದನ್ನು ಉಳಿಸಿಕೊಂಡು ಉಳಿದದ್ದನ್ನು ಹೊಸದು ಮಾಡೋಣ ಅನ್ನುವುದು ದೊಡ್ಡ ಮೇಡಂ ಹಟ. ಅದನ್ನು ಕೆಡವಿ, ಕಾಂಕ್ರೀಟ್ ಸುರಿದು, ಮೇಲೆ ಇನ್ನೊಂದು ಅಂತಸ್ತು ಎಬ್ಬಿಸೋಣ ಅನ್ನುವುದು ಶಾಲಾ ಸಮಿತಿಯ ಅಧ್ಯಕ್ಷರ ಹಟ. ಇಬ್ಬರೂ ಜಗ್ಗುವವರಲ್ಲ. ಕೊನೆಗೆ ಸಮಿತಿಯಲ್ಲೇ ಯಾರೋ, "ಟಕ್‌ಟಕ್ ಅಜ್ಜ ಹೇಳಲಿ. ತೊಲೆ ಗಟ್ಟಿ ಅಂದ್ರೆ ಉಳಿಸೋಣ, ಕೆಟ್ಟಿದೆ ಅಂದ್ರೆ ಕೆಡವೋಣ" ಎಂದರು. ಇಬ್ಬರೂ ಒಪ್ಪಿದರು. ಹೇಗಾದರೂ ಸರಿ, ಕೆಲಸ ಮಾಡಿಸುವವನು ಅಳಿಯನೇ ಎಂದು ಮೊದಲೇ ಗೊತ್ತಾಗಿತ್ತು. ಬರೀ ರಿಪೇರಿಯಾದರೆ ಅವನಿಗೆ ಸಣ್ಣ ಕೆಲಸ, ಕೆಡವಿ ಕಟ್ಟಿದರೆ ದೊಡ್ಡದು, ಹಳೆಯ ಮರವೂ ಅವನದೇ. ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ನಡುವೆ ಅಜ್ಜ ಇದ್ದರು.

ತೊಂದರೆಯೆಂದರೆ ಅಜ್ಜನ ಮಂಡಿಗಳು ಕೈಕೊಟ್ಟಿದ್ದವು. ಹಿಂದಿನ ಒಂದೆರಡು ರಜೆಗಳಲ್ಲಿ ಏಣಿ ಹತ್ತಲಾಗದೆ, ಕೆಳಗೆ ನಿಂತು ಮೇಲೆ ನೋಡಿ, "ಇರುತ್ತೆ ಬಿಡಿ ಮೇಡಂ" ಅಂದು ಬಂದಿದ್ದರು. ಈ ಸಲ ಹಾಗೆ ಹೇಳುವಂತಿರಲಿಲ್ಲ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ನಡುಗಿ, ಮುಖ ಬಿಳಿಚಿಕೊಂಡಿತು. ಅಳಿಯನೂ ಮಗಳೂ ಜೊತೆಗೇ ಬಂದಿದ್ದರು. ಮಗಳು ಅಪ್ಪನ ತೋಳು ಹಿಡಿದು ಇಳಿಸಿದಳು.

"ನೀನು ಬಿದ್ದು ಗಿದ್ದರೆ ಏನಪ್ಪಾ ಗತಿ? ಅವರೇ ಹತ್ತಲಿ ಬಿಡು. ನೀನೇ ಕಲಿಸಿದ್ದಲ್ವಾ?"

ಅಜ್ಜ ಅಳಿಯನ ಮುಖ ನೋಡಿದರು. "ಕಿವಿ ಹತ್ತಿರ ಇಡಬೇಕು ಕಣೋ."

"ಗೊತ್ತು ಮಾವ. ನೀವು ಆರಾಮಾಗಿ ಕೂತ್ಕೊಳ್ಳಿ."

ಅಜ್ಜ ಹಾಲಿನ ಬಾಗಿಲ ಬಳಿ ಒಂದು ಬೆಂಚಿನ ಮೇಲೆ ಕೂತರು. ಮಗಳು ಏಣಿ ಹಿಡಿದುಕೊಂಡಳು, ಅಳಿಯ ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು ಹತ್ತಿದ. ಮೇಲೆ ಟಕ್ ಟಕ್ ಎಂದು ಸದ್ದು ಶುರುವಾಯಿತು. ಕೆಳಗೆ ಕೂತಿದ್ದ ಅಜ್ಜನಿಗೆ ಅದು ಚೆನ್ನಾಗಿಯೇ ಕೇಳಿಸಿತು. ದುಂಡಗೆ, ತುಂಬಿದ ಸದ್ದು. ಅವರ ಮುಖ ಅರಳಿತು. ಅಷ್ಟರಲ್ಲಿ ಅಳಿಯ ಹೆಗಲ ಮೇಲಿದ್ದ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಇಳಿದುಬಂದ. ಮೈಯೆಲ್ಲ ಧೂಳು, ಮುಖ ಸಪ್ಪಗೆ.

"ಏನು ಹೇಳ್ತು?"

"ಸತ್ತಿದೆ ಮಾವ. ಒಂದೆರಡಲ್ಲ, ಸುಮಾರು ಎಲ್ಲವೂ."

"ನನಗೆ ಗಟ್ಟಿ ಕೇಳಿಸ್ತಲ್ಲೋ!"

"ಕೆಳಗಿಂದ ಹಾಗೇ ಕೇಳಿಸುತ್ತೆ. ಕಿವಿ ದೂರ ಇದ್ರೆ ಮೋಸ ಹೋಗ್ತೀವಿ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

ಹೌದು, ತಾವೇ ಹೇಳಿಕೊಟ್ಟದ್ದು. ಅಳಿಯ ಗೋಣಿಚೀಲ ಬಿಚ್ಚಿದ. ಒಳಗೆ ಒಂದು ಮೊಳದಷ್ಟು ಉದ್ದದ ಮರದ ತುಂಡು. ಮೇಲೆಲ್ಲ ಮಸಿ, ಸುಣ್ಣ, ಒಂದು ಬದಿ ಪೂರಾ ಗೆದ್ದಲ ಮಣ್ಣು. ತೊಲೆಯ ತಲೆಗೆ ಕೂರಿಸಿದ್ದ ಅಡ್ಡಪಟ್ಟಿ, ಕೈ ಹಾಕಿದರೆ ಕಿತ್ತುಕೊಂಡೇ ಬಂತು ಎಂದ. ಅಜ್ಜ ಹೆಬ್ಬೆರಳಿಟ್ಟು ಒತ್ತಿದರು. ಹೆಬ್ಬೆರಳು ಒಳಗೇ ಹೋಯಿತು. ಮರ ಹಿಟ್ಟಾಗಿ ಮಡಿಲಿಗೆ ಸುರಿಯಿತು. ಮಗಳು ಪಕ್ಕದಲ್ಲಿ ನಿಂತು, "ಅಯ್ಯೋ ದೇವರೇ, ಇದರ ಕೆಳಗೆ ಮಕ್ಕಳು ಕೂತಿರ್ತಾರಲ್ಲಪ್ಪ" ಎಂದಳು. ಆ ಒಂದು ಮಾತು ಅಜ್ಜನ ಬಾಯಿ ಕಟ್ಟಿಹಾಕಿತು. ಮಕ್ಕಳ ತಲೆಯ ಮೇಲೆ ತೊಲೆ ಬೀಳುವ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಯಾವ ಬಡಗಿ ತಾನೇ ತರ್ಕ ಮಾಡಿಯಾನು?

ಸಂಜೆ ಸಮಿತಿ ಸೇರಿತು. ತುಂಡನ್ನು ಮೇಜಿನ ಮೇಲಿಟ್ಟರು. ಅಧ್ಯಕ್ಷರು ಅದನ್ನು ನೋಡಿ ಗೆದ್ದವರಂತೆ ಒರಗಿ ಕೂತರು. ದೊಡ್ಡ ಮೇಡಂ ಅದರ ಕಡೆ ನೋಡಲೂ ಇಲ್ಲ. ಅವರು ನೋಡಿದ್ದು ಅಜ್ಜನನ್ನು.

"ನೀವು ತಟ್ಟಿ ನೋಡಿದ್ರಾ?"

ಇಲ್ಲಿ ಅಜ್ಜ ಒಂದು ಉಸಿರು ಎಳೆದುಕೊಂಡರು. ಮಂಡಿ ಕೈಕೊಟ್ಟಿತು, ಅಳಿಯ ಹತ್ತಿದ ಅನ್ನಬಹುದಿತ್ತು. ಅಂದರೆ ಮಾತು ಅಳಿಯನದಾಗುತ್ತದೆ. ಅಳಿಯನ ಮಾತು ಯಾರಿಗೆ ಬೇಕು, ಉಗುರಿನಿಂದ ಕೆರೆಯಲು ಮೇಡಂ ಇನ್ಯಾರನ್ನಾದರೂ ಹತ್ತಿಸುತ್ತಾರೆ. ಹಾಗೆ ಮಾಡಿದರೆ ತನ್ನ ಮನೆಯವನನ್ನೇ ತಾನು ನಂಬಲಿಲ್ಲ ಎಂದ ಹಾಗಾಗುತ್ತದೆ. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಏಣಿ ಹತ್ತಲಾಗದ ಬಡಗಿ ಎಂದು ಅಷ್ಟು ಜನರ ಮುಂದೆ ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಾಯಿತು.

"ನೋಡಿದೆ ಮೇಡಂ. ಸತ್ತಿದೆ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುವುದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. "ನೀವು ಹೇಳಿದ ಮೇಲೆ ಮುಗೀತು" ಅಂದರು. ಅಲ್ಲಿಗೆ ಸಭೆಯೂ ಮುಗಿಯಿತು.

ಹಳೆಯ ಹಾಲ್ ನೆಲಸಮವಾಯಿತು. ಅಜ್ಜ ಆ ದಿನಗಳಲ್ಲಿ ಆ ಕಡೆ ತಲೆ ಹಾಕಲಿಲ್ಲ. ಹೆಂಚು ಇಳಿಸುವ ಸದ್ದು ಬೀದಿಯ ತುದಿಯವರೆಗೆ ಬರುತ್ತಿತ್ತು, ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಹಳೆಯ ಮರವನ್ನೆಲ್ಲ ಏನು ಮಾಡಿದೆ ಎಂದು ಅಳಿಯನನ್ನು ಒಮ್ಮೆ ಕೇಳಿದರು. "ಪುಡಿ ಪುಡಿ ಮಾವ, ಇಟ್ಟಿಗೆ ಭಟ್ಟಿಯವರು ತಗೊಂಡು ಹೋದ್ರು" ಎಂದ. ಸತ್ತವರ ವಿಷಯ ಕೆದಕಬಾರದು ಎಂದುಕೊಂಡರು ಅಜ್ಜ.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಎಂಬ ನಿವೃತ್ತಿ ಹತ್ತಿರವಾದ ಒಬ್ಬರಿದ್ದರು, ಅಜ್ಜನ ಹಳೆಯ ಗೆಳೆಯರು. ಹೊಸ ಕಟ್ಟಡ ಮೇಲೇಳುತ್ತಿದ್ದ ಹೊತ್ತಿಗೆ ಒಂದು ಮಧ್ಯಾಹ್ನ ಅವರು ಅಜ್ಜನನ್ನು ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲಿಗೆ ಕರೆದುಕೊಂಡು ಹೋದರು. ಮಂದ ದೀಪ, ಮೆತ್ತನೆಯ ಸಂಗೀತ, ಅಗಲವಾದ ಉದ್ದುದ್ದ ಮರದ ಮೇಜುಗಳು. ಕಾಫಿ ಬರುವವರೆಗೆ ಕೈ ಸುಮ್ಮನಿರಬೇಕಲ್ಲ. ಅಜ್ಜ ಮೇಜನ್ನು ತಟ್ಟಿದರು. ಮೇಷ್ಟ್ರು ನಕ್ಕರು. ಅಜ್ಜ ನಗಲಿಲ್ಲ. ಇನ್ನೊಮ್ಮೆ ತಟ್ಟಿದರು. ಆಮೇಲೆ ಕುರ್ಚಿಯಿಂದ ಎದ್ದು, ಬೆರಳು ಮಡಿಸಿಕೊಂಡು ಮೇಜಿನ ಉದ್ದಕ್ಕೂ ತಟ್ಟುತ್ತ ನಡೆದರು. ಒಂದು ಗಂಟಿನ ಹತ್ತಿರ ಬಂದಾಗ ಸದ್ದು ಸಣ್ಣಗಾಯಿತು, ದಾಟಿದ ಮೇಲೆ ಮತ್ತೆ ದುಂಡಗಾಯಿತು. ಪಕ್ಕದ ಮೇಜಿನವರು ಊಟ ಬಿಟ್ಟು ನೋಡತೊಡಗಿದರು. ಅಜ್ಜ ನೋಯುವ ಮಂಡಿಗಳನ್ನು ಬಗ್ಗಿಸಿ ಮೇಜಿನ ಕೆಳಗೆ ನುಗ್ಗಿದರು. ಅಲ್ಲಿತ್ತು, ಹಾಲಿನ ನಡುವಿನ ದೊಡ್ಡ ದೀಪಕ್ಕೆಂದು ಹಿಂದೆ ತಾವೇ ಹೊಡೆದಿದ್ದ ಕೊಕ್ಕೆಯ ತೂತು. ಆ ಗಂಟಿನ ತೊಲೆಯನ್ನು ಅವರು ಹರೆಯದಿಂದಲೂ ತಟ್ಟಿಕೊಂಡು ಬಂದಿದ್ದರು. ಕೆಳಗಿಳಿದ ಮೇಲೆ ಮಾತು ಬೇರೆಯಾದರೂ, ತೊಟ್ಟಿಲಲ್ಲಿ ತೂಗಿದ ಮಗುವಿನ ದನಿ ತಿಳಿಯುವ ಹಾಗೆ ಅದರ ದನಿ ತಿಳಿಯುತ್ತಿತ್ತು.

"ಅದು ಶಾಲೆ ಮರ ಸಾರ್," ಎಂದ ಕಾಫಿ ತಂದಿಟ್ಟವನು, ಅಜ್ಜ ಏನನ್ನೋ ಬೀಳಿಸಿಕೊಂಡಿದ್ದಾರೆಂದು ತಾನೂ ಬಗ್ಗಿ. "ಕಬ್ಬಿಣ ಇದ್ದ ಹಾಗಿದೆ, ಗರಗಸದ ಹಲ್ಲು ಮುರಿದುಹೋಯ್ತಂತೆ."

ಅಜ್ಜ ಕಾಫಿ ಮುಟ್ಟಲಿಲ್ಲ. ಮೇಲೆ ಕೂತಿದ್ದ ಮೇಷ್ಟ್ರಿಗೆ ಆ ಮಾತು ಕೇಳಿಸಿರಲಿಲ್ಲ, ಏನಾಯಿತೆಂದು ಅವರು ಕೇಳಿದರೆ ಅಜ್ಜ ಮಂಡಿನೋವು ಅಂದರು.

ದಾರಿಯುದ್ದಕ್ಕೂ ಅವರಿಗೆ ಹೊಳೆದದ್ದು ಒಂದೇ: ಅಂಗೈಯಲ್ಲಿಟ್ಟು ಕೆಲಸ ಕಲಿಸಿದ ಅಳಿಯ ತನ್ನನ್ನು ಬೆಪ್ಪುತಕ್ಕಡಿ ಮಾಡಿದ. ತನ್ನ ಕಣ್ಣಿಗೆ ಮಣ್ಣೆರಚಿದ್ದಷ್ಟೇ ಅಲ್ಲ, ತನ್ನ ಬಾಯಿಯಿಂದಲೇ ಮೇಡಂ ಕಣ್ಣಿಗೂ ಎರಚಿಸಿದ. ಸಿಟ್ಟು ನೆತ್ತಿಗೇರಿತ್ತು. ಮನೆಗೆ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕು, ಅಲ್ಲಿಂದ ನೇರ ಮೇಡಂ ಹತ್ತಿರ ಎಳೆದುಕೊಂಡು ಹೋಗಬೇಕು. ಆದರೆ ಮನೆಯಲ್ಲಿ ಅಳಿಯ ಇರಲಿಲ್ಲ. ಮಗಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಎಲ್ಲವನ್ನೂ ಅವಳ ಮುಂದೆ ಸುರಿದರು.

ಅವಳು ಚಾಕು ಕೆಳಗಿಟ್ಟಳು. ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಆಮೇಲೆ ನೆಲದ ಮೇಲೆ ಕೂತು ಅಳತೊಡಗಿದಳು.

"ನಾನು ಅವರನ್ನ ವಿಚಾರಿಸ್ತೀನಪ್ಪ. ನೀನು ಮಾತ್ರ ಯಾರ ಹತ್ತಿರಾನೂ ಬಾಯಿ ಬಿಡಬೇಡ. ಈ ಮಗೂನ ಕರ್ಕೊಂಡು ನಾನು ಬೀದೀಲಿ ತಲೆ ಎತ್ತಿ ಓಡಾಡಬೇಕಲ್ಲ?"

ಅಜ್ಜನ ಸಿಟ್ಟು ಅಲ್ಲೇ ಇಳಿದುಹೋಯಿತು. ಗಂಡ ಇಂಥವನೆಂದು ಪಾಪ ಇವಳಿಗೆ ಇವತ್ತು ಗೊತ್ತಾಯಿತಲ್ಲ, ಅದೂ ನನ್ನ ಬಾಯಿಯಿಂದ! ಪಕ್ಕದಲ್ಲಿ ಕೂತು ತಲೆ ಸವರಿದರು. "ಅಳಬೇಡ ಪುಟ್ಟಿ. ನಾನು ಯಾರಿಗೂ ಹೇಳಲ್ಲ." ಮೋಸ ಹೋದವರು ತಾವು, ಸಮಾಧಾನ ಮಾಡಿದವರೂ ತಾವೇ. ಅವತ್ತು ಅವಳ ತಲೆ ಸವರಿದ್ದನ್ನು ನೆನೆದರೆ ಅಜ್ಜನಿಗೆ ಆಮೇಲೆ ಮೈ ಉರಿಯುತ್ತಿತ್ತು.

ಅಂದಿನಿಂದ ಅಳಿಯನ ಜೊತೆ ಮಾತು ನಿಂತಿತು. ಅವನೂ ಮಾವನ ಮುಖ ತಪ್ಪಿಸಿಕೊಂಡು ಓಡಾಡಿದ. ಅಜ್ಜ ಹಲ್ಲು ಕಚ್ಚಿಕೊಂಡು ಇದ್ದರು. ದೊಡ್ಡ ಮೇಡಂ ಬೀದಿಯಲ್ಲಿ ಸಿಕ್ಕಿ, "ಕಟ್ಟಡ ನೋಡೋಕೆ ಬರಲೇ ಇಲ್ಲವಲ್ಲ" ಎಂದು ಕೇಳಿದಾಗ ಅವರ ಚಪ್ಪಲಿ ನೋಡುತ್ತ ಉತ್ತರ ಕೊಟ್ಟರು.

ಕೊನೆಗೆ ಉದ್ಘಾಟನೆಯ ದಿನ ಬಂತು. ಹೋಗದೆ ನಿರ್ವಾಹವಿರಲಿಲ್ಲ. ವೇದಿಕೆಯ ಮೇಲೆ ಅಜ್ಜನಿಗೂ ಒಂದು ಕುರ್ಚಿ ಹಾಕಿದ್ದರು. ಹೊಸ ಕಟ್ಟಡ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಗಾಳಿ, ಬೆಳಕು, ಹೊಳೆಯುವ ನೆಲ, ನಲ್ಲಿ ತಿರುಗಿಸಿದರೆ ನೀರು. ಅಳಿಯ ಬಿಳಿ ಶರ್ಟು ತೊಟ್ಟು ಅಧ್ಯಕ್ಷರ ಬೆನ್ನಿಗೇ ಅಂಟಿಕೊಂಡಿದ್ದ. ಬಾಗಿಲ ಒಳಗೆ ಕಾಲಿಡುತ್ತಿದ್ದಂತೆ ಡ್ರಾಯಿಂಗ್ ಮೇಷ್ಟ್ರು ಅಜ್ಜನ ಕೈ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದರು.

"ಇಲ್ಲಿ ನೋಡಿ ಮಾರಾಯರೇ, ನಿಮಗೋಸ್ಕರ ಏನು ಮಾಡಿದ್ದೀನಿ!"

ಒಂದು ಗಾಜಿನ ಪೆಟ್ಟಿಗೆ. ಒಳಗೆ ಆ ಮರದ ತುಂಡು. ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಬರೆದ ಹಲಗೆ: 'ಹಳೆಯ ಚಾವಣಿಯ ತುಂಡು. ಸಕಾಲದಲ್ಲಿ ಎಚ್ಚರಿಸಿದವರು ನಮ್ಮ ಟಕ್‌ಟಕ್ ಅಜ್ಜ.'

"ಕಪಾಟಿನ ಮೂಲೇಲಿ ಬಿದ್ದಿತ್ತು. ಮಸಿ, ಸುಣ್ಣ, ಹಳೇ ಬಣ್ಣ ಎಲ್ಲ ಕೆರೆದು ತೊಳೆದು, ಉಳಿದಿದ್ದ ಗಟ್ಟಿ ಭಾಗಕ್ಕೆ ವಾರ್ನಿಷ್ ಹೊಡೆದೆ. ಹೇಗಿದೆ?"

ಅಜ್ಜ ಗಾಜಿಗೆ ಮುಖ ತಂದರು. ಒಂದು ಬದಿ ಗೆದ್ದಲು ತಿಂದು ಜರಡಿಯಾಗಿತ್ತು. ಇನ್ನೊಂದು ಬದಿಯಲ್ಲಿ, ವಾರ್ನಿಷ್ ಬಿದ್ದು ಹೊಳೆಯುತ್ತಿದ್ದ ಕಂದು ತೇಗದ ನಡುವೆ, ಒಂದು ಹಳದಿ ತೇಪೆ. ಹಲಸಿನದು. ಕೀಲಿನ ಅಳತೆಗೆ ಕೊರೆದು ಕೂರಿಸಿದ್ದು. ಒಂದು ಮೂಲೆ ಸ್ವಲ್ಪ ಓರೆ, ಏಕೆಂದರೆ ಅದನ್ನು ಕೂರಿಸುವಾಗ ಒಳಗೆ ಮಗು ಅಳುತ್ತಿತ್ತು.

ಸಭೆಯ ದಿನ ಇದು ಕಣ್ಣ ಮುಂದೆಯೇ ಇತ್ತು. ಮಸಿ, ಬಣ್ಣಗಳ ಕೆಳಗೆ ಇತ್ತು, ನಿಜ. ಆದರೆ ತಿರುಗಿಸಿ ನೋಡಿದ್ದರೆ, ಉಗುರಿನಿಂದ ಒಮ್ಮೆ ಕೆರೆದಿದ್ದರೆ ಸಾಕಿತ್ತು. ಮನೆಯವರು ಕೊಟ್ಟದ್ದನ್ನು ಯಾರಾದರೂ ಕೆರೆದು ನೋಡುತ್ತಾರೆಯೇ?

ಬಚ್ಚಲ ಚೌಕಟ್ಟನ್ನು ಸುಡಲು ಯಾರೋ ಒಯ್ದರು ಅಂದವಳು ಮಗಳು. ಏಣಿಯ ಬುಡದಲ್ಲಿ ನಿಂತು ಗಂಡ ಇದನ್ನು ಗೋಣಿಚೀಲದಲ್ಲಿ ಇಟ್ಟುಕೊಂಡೇ ಹತ್ತುವುದನ್ನು ನೋಡಿದವಳು ಮಗಳು. ಇದರ ಕೆಳಗೆ ಮಕ್ಕಳು ಕೂತಿರುತ್ತಾರಲ್ಲಪ್ಪ ಅಂದವಳೂ ಮಗಳು. ಅಜ್ಜ ತಿರುಗಿ ನೋಡಿದರು. ಅವಳು ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಅಪ್ಪ ಯಾವುದನ್ನು ನೋಡುತ್ತಿದ್ದಾರೆಂದು ಅವಳಿಗೆ ತಿಳಿದಿತ್ತು. ಎಡಗೈಯ ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು.

"ಚೆನ್ನಾಗಿದೆ ಮೇಷ್ಟ್ರೇ" ಎಂದರು ಅಜ್ಜ.

ವೇದಿಕೆಯ ಮೇಲೆ ಭಾಷಣಗಳಾದವು. ಅಧ್ಯಕ್ಷರು ಅಜ್ಜನನ್ನು ಹೊಗಳಿ ಅಟ್ಟಕ್ಕೇರಿಸಿದರು. ಇಂಥವರೊಬ್ಬರು ಇಲ್ಲದಿದ್ದರೆ ಎಂಥ ಅನಾಹುತ ಆಗುತ್ತಿತ್ತು, ಎಷ್ಟು ಮಕ್ಕಳು, ಎಷ್ಟು ತಾಯಂದಿರು ಎಂದೆಲ್ಲ ಹೇಳಿ ಮೈಕನ್ನು ಅಜ್ಜನ ಕೈಗಿತ್ತರು. ಮುಂದಿನ ಸಾಲಿನ ಮಕ್ಕಳು "ಟಕ್ ಟಕ್, ಟಕ್ ಟಕ್" ಎಂದು ಕೂಗಿದರು. ಅಜ್ಜನಿಗೆ ಅಳಿಯ ಕಂಡ, ನಗುವನ್ನು ಮುಖಕ್ಕೆ ಮೊಳೆ ಹೊಡೆದು ಕೂರಿಸಿದವನಂತೆ. ಅವನ ಪಕ್ಕ ಮಗಳು ಕಂಡಳು. ಅವಳ ಮಡಿಲಲ್ಲಿ ಮೊಮ್ಮಗಳು ಅಜ್ಜನಿಗೆ ಕೈ ಬೀಸುತ್ತಿದ್ದಳು. ಆಡುವ ಮಾತು ಬಾಯಿಯ ತುದಿಯವರೆಗೆ ಬಂದು, ಆ ಪುಟ್ಟ ಕೈ ನೋಡಿ ನಿಂತಿತು. ಆಡದೆ ಇರಲೂ ಆಗಲಿಲ್ಲ.

"ನಾನು ಆ ಮರ ತಟ್ಟಿರಲಿಲ್ಲ," ಎಂದರು ಅಜ್ಜ. ಮೈಕು ಕಿರ್ರೆಂದಿತು. ಇನ್ನೊಮ್ಮೆ ಹೇಳಿದರು. "ತಟ್ಟಿದೆ ಅಂತ ಸುಳ್ಳು ಹೇಳಿದೆ. ಇದರಲ್ಲಿ ನನ್ನದೇನೂ ಇಲ್ಲ."

ಅಧ್ಯಕ್ಷರು ಜೋರಾಗಿ ನಕ್ಕು, "ನೋಡಿ, ದೊಡ್ಡವರ ದೊಡ್ಡತನ ಅಂದ್ರೆ ಇದು! ಮಾಡಿದ್ದನ್ನೂ ಮಾಡಿಲ್ಲ ಅಂತಾರೆ!" ಎಂದು ಚಪ್ಪಾಳೆ ಶುರುಮಾಡಿದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಳಿಯ ಎಲ್ಲರಿಗಿಂತ ಜೋರಾಗಿ ತಟ್ಟಿದ. ದೊಡ್ಡ ಮೇಡಂ ಒಬ್ಬರೇ ಕೈ ಎತ್ತಲಿಲ್ಲ. ಅವರು ಅಜ್ಜನನ್ನು ನೋಡಿದರು, ಬಾಗಿಲ ಕಡೆ ಗಾಜಿನ ಪೆಟ್ಟಿಗೆಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಕೆಳಗಿಳಿಯುವಾಗ ಅಜ್ಜ ಅವರ ಪಕ್ಕದಲ್ಲೇ ಹಾದುಹೋಗಬೇಕಾಗಿತ್ತು. ಅವರು ಕಾಲು ಸರಿಸಿ ದಾರಿ ಬಿಟ್ಟರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಳಿಯ ಅಧ್ಯಕ್ಷರ ಜೊತೆ ಊಟಕ್ಕೆ ಹೋಗಿದ್ದ. ಅಜ್ಜ ಅಂಗಳದ ಕಟ್ಟೆಯ ಮೇಲೆ ಕೂತರು. ಮಗಳು ಮೊಮ್ಮಗಳನ್ನು ಆಡಲು ಕಳಿಸಿ, ಒಂದು ಲೋಟ ನೀರು ತಂದಿಟ್ಟು ಬಾಗಿಲಲ್ಲಿ ನಿಂತಳು. ಅಜ್ಜ ನೀರು ಮುಟ್ಟಲಿಲ್ಲ. ಅವಳೇ ಬಾಯಿ ತೆರೆದಳು.

"ಅವರದೊಬ್ಬರದೇ ತಪ್ಪು ಅಂತ ಅನ್ಕೋಬೇಡಪ್ಪ. ಅಪ್ಪನ ಕೈಲಿ ಹೇಳಿಸೋಣ ಅಂದಿದ್ದು ನಾನೇ. ದಿನಾ ಹೇಳ್ತಿದ್ದೆಯಲ್ಲ, ನಿನ್ನ ಮಾತು ಯಾರೂ ತೆಗೆದುಹಾಕಲ್ಲ ಅಂತ."

ಅಜ್ಜ ಅವಳ ಮುಖ ನೋಡಿದರು.

"ಆ ದೊಡ್ಡ ಕೆಲಸ ಸಿಗದೇ ಇದ್ರೆ ನಾವು ಸಾಲದಲ್ಲಿ ಮುಳುಗಿಹೋಗ್ತಿದ್ವಿ. ನಿನಗೆ ಹೇಳೋಕೆ ಆಗ್ಲಿಲ್ಲ. ಹೇಳಿದ್ರೆ ನೀನು ಒಪ್ತಿರ್ಲಿಲ್ಲ." ಅವಳ ದನಿ ಏರಿತು. "ಈಗ ನಿನಗೇನು ಕಡಿಮೆ ಆಯ್ತಪ್ಪ? ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರಲ್ಲ?"

ಒಳಗೆ ಬಚ್ಚಲುಮನೆಯ ಫೈಬರ್ ಬಾಗಿಲು ಗಾಳಿಗೆ ಬಡಿದುಕೊಂಡಿತು. ಡಬ್ಬ ಬಿದ್ದ ಹಾಗೆ ಟೊಳ್ಳು ಸದ್ದು. ಅಜ್ಜ ಅಭ್ಯಾಸಬಲದಿಂದ ಆ ಕಡೆ ತಲೆ ಓರೆ ಮಾಡಿ, ಮತ್ತೆ ನೆಟ್ಟಗೆ ಕೂತರು.

"ಒಪ್ತಿದ್ದೆ ಕಣೇ," ಎಂದರು.

ಮಗಳಿಗೆ ಅರ್ಥವಾಗಲಿಲ್ಲ.

"ಕೇಳಿದ್ರೆ ಹೇಳ್ತಿದ್ದೆ. ಗಟ್ಟಿ ಮರ ಅಂತ ಗೊತ್ತಿದ್ದೂ ಸತ್ತಿದೆ ಅಂತ, ಮೇಡಂ ಮುಖ ನೋಡ್ಕೊಂಡೇ ಹೇಳ್ತಿದ್ದೆ. ನಿನಗೋಸ್ಕರ ಹೇಳ್ತಿದ್ದೆ ಪುಟ್ಟಿ." ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನೀನು ಕೇಳಲೇ ಇಲ್ಲವಲ್ಲೇ."

ಕೇಳಿದ್ದರೆ ಅವರು ನಿಜಕ್ಕೂ ಆ ಸುಳ್ಳು ಹೇಳುತ್ತಿದ್ದರೋ ಇಲ್ಲವೋ, ಈಗ ಯಾರಿಗೆ ಗೊತ್ತು. ಮಗಳಿಗೆ ಮಾತ್ರ ಅದರಲ್ಲಿ ಅನುಮಾನ ಉಳಿಯಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದವಳು ಹಾಗೇ ಕುಸಿದು ಹೊಸ್ತಿಲ ಮೇಲೆ ಕೂತಳು. ಮುಷ್ಟಿಗಟ್ಟಿದ್ದ ಎಡಗೈ ಬಿಚ್ಚಿಕೊಂಡಿತು. ಈ ಸಲ ಅವಳು ಅತ್ತಾಗ ಅಜ್ಜ ತಲೆ ಸವರಲು ಏಳಲಿಲ್ಲ. ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು, ಮೊಮ್ಮಗಳು ಆಟ ಮುಗಿಸಿ ಬರುವ ದಾರಿ ನೋಡುತ್ತ ಕೂತರು.